ಮನೆಮಾತನ್ನು ಬಿಡಿಸುವ ಹಕ್ಕು ಯಾರದು?

ವಾಕಡದ ಸೊಸೈಟಿಗಳಲ್ಲಿ ಬೆಳೆಯುವ ಕನ್ನಡದ ಮಗುವಿನ ಸುತ್ತ ನಾಲ್ಕು ಭಾಷೆಗಳಿರುತ್ತವೆ. ಮನೆಯಲ್ಲಿ ಕನ್ನಡ, ಕೆಲಸಕ್ಕೆ ಬರುವ ಮಾವಶಿಯೊಡನೆ ಮರಾಠಿ, ಪಾರ್ಕಿಂಗಿನಲ್ಲಿ ಆಡುವಾಗ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಎರಡೂವರೆ ವರ್ಷವಾದರೂ ಮಗುವಿಗೆ ಮಾತು ಬರದಿದ್ದರೆ ನೆಂಟರಿಂದ, ಕೆಲವೊಮ್ಮೆ ತಜ್ಞರಿಂದಲೂ ಬರುವ ಸಲಹೆ ಒಂದೇ: ಇಷ್ಟೊಂದು ಭಾಷೆ ಯಾಕೆ, ಒಂದನ್ನೇ ಇಟ್ಟುಕೊಳ್ಳಿ. ಆ ಒಂದು ಭಾಷೆ ಕನ್ನಡವಾಗಿರುವುದು ಅಪರೂಪ.

ಸಲಹೆಯ ಹಿಂದೆ ಕಾಳಜಿ ಇದೆ. ಗಡುವು ಹತ್ತಿರ ಬಂದಾಗ ಸ್ಕೋಪ್ ಕತ್ತರಿಸುವ ನಮ್ಮಂಥವರಿಗೆ ಅದು ಬೇಗ ಒಪ್ಪಿಗೆಯೂ ಆಗುತ್ತದೆ. ಆದರೆ ಸಂಶೋಧನೆ ಅದನ್ನು ಬೆಂಬಲಿಸುವುದಿಲ್ಲ. ಭಾಷಾ ತೊಂದರೆಯಿರುವ ಫ್ರೆಂಚ್-ಇಂಗ್ಲಿಷ್ ದ್ವಿಭಾಷಿ ಮಕ್ಕಳ ವ್ಯಾಕರಣವನ್ನು ಕೆನಡಾದ ಸಂಶೋಧಕರು 2003ರಲ್ಲಿ ಪರೀಕ್ಷಿಸಿದರು. ಅದೇ ತೊಂದರೆಯಿರುವ ಏಕಭಾಷಿ ಮಕ್ಕಳಿಗಿಂತ ಅವರು ಹಿಂದೆ ಬಿದ್ದಿರಲಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬಗ್ಗೆ 2005ರಲ್ಲಿ ಬಂದ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಇದಕ್ಕೆ ಇನ್ನೊಂದು ಮುಖವೂ ಇದೆ. 'ಭಾಷೆ ಜಾಸ್ತಿ, ಅದಕ್ಕೇ ತಡ' ಎಂದು ಸುಮ್ಮನೆ ಕಾಯುವುದೂ ತಪ್ಪು. ಮಾತು ತಡವಾದರೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ.

ನಮ್ಮ ದೇಶದಲ್ಲಿ ಈ ವಿದ್ಯೆಯ ದೊಡ್ಡ ನೆಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅದು ಶುರುವಾದದ್ದು 1965ರಲ್ಲಿ. ಇವತ್ತಿನ ಬಿಎಎಸ್‌ಎಲ್‌ಪಿ ಪದವಿ ನಾಲ್ಕು ವರ್ಷದ್ದು, ಕೊನೆಯ ವರ್ಷ ಇಂಟರ್ನ್‌ಶಿಪ್. ಅಂಗರಚನೆ, ಮನಶ್ಶಾಸ್ತ್ರ, ಶ್ರವಣಶಾಸ್ತ್ರದ ಜೊತೆಗೆ ಭಾಷಾವಿಜ್ಞಾನವನ್ನೂ ಓದಿಸುತ್ತಾರೆ. ಭಾಷಾವಿಜ್ಞಾನ ಯಾಕೆಂದರೆ, ಮಗುವಿನ ಮಾತಿನಲ್ಲಿ ಯಾವುದು ದೋಷ, ಯಾವುದು ಬರೀ ವ್ಯತ್ಯಾಸ ಎಂದು ಬೇರೆ ಮಾಡುವುದು ಈ ವಿದ್ಯೆಯ ಮೊದಲ ಪಾಠ.

ಅದಕ್ಕೆ ಆ ಭಾಷೆಯ ಅಳತೆಗೋಲೇ ಬೇಕು. ಕನ್ನಡದಲ್ಲಿ 'ಕೊಡು' ಬೇರೆ, 'ಕೋಡು' ಬೇರೆ. ಹಿಂದಿ, ಮರಾಠಿಗಳಲ್ಲಿ ಈ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗುವುದಿಲ್ಲ. 'ಬೆಲೆ', 'ಬೆಳೆ'ಗಳ ನಡುವಿನ ಳಕಾರ ಶಿಷ್ಟ ಹಿಂದಿಯಲ್ಲಿ ಇಲ್ಲವೇ ಇಲ್ಲ. ಹಿಂದಿ ಪದಪಟ್ಟಿಯಿಂದ ಅಳೆದರೆ ಮಗುವಿಗೆ ಬರುವುದೂ ಕಾಣದು, ಬಾರದಿರುವುದೂ ಕಾಣದು. ಕನ್ನಡದ ಉಚ್ಚಾರಣಾ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾದದ್ದು ಇದೇ ಕಾರಣಕ್ಕೆ. ಆದರೆ ಮೈಸೂರಿನ ಕನ್ನಡವನ್ನೇ ಸರಿಯೆಂದುಕೊಂಡರೆ ವಿಜಯಪುರದ ಮಗುವಿನ 'ಬಂದೈತಿ'ಯೂ ದೋಷವಾಗಿ ಕಂಡೀತು.

ಪುಣೆಯ ತಜ್ಞರೆಲ್ಲ ಕನ್ನಡ ಕಲಿಯಬೇಕೆಂದು ಕೇಳುವುದು ನ್ಯಾಯವಲ್ಲ. ಕನ್ನಡ ಬಾರದಿರುವುದು ಅವರ ಮಿತಿ, ತಪ್ಪಲ್ಲ. ಆ ಮಿತಿಯನ್ನು ಮಗುವಿನ ಚೀಟಿಯಲ್ಲಿ ಔಷಧಿಯಂತೆ ಬರೆದಾಗ ಮಾತ್ರ ಅದು ತಪ್ಪಾಗುತ್ತದೆ. ತಜ್ಞರು ಕ್ಲಿನಿಕ್ಕಿನಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ತೋರಿಸಿಕೊಟ್ಟ ವಿಧಾನವನ್ನು ತಂದೆತಾಯಿ ಮನೆಯಲ್ಲಿ ಕನ್ನಡದಲ್ಲಿ ಮಾಡಬಹುದು.

ಪ್ರಶ್ನೆ ನಮ್ಮ ಕಡೆಗೂ ತಿರುಗುತ್ತದೆ. ಮಗು ಇಂಗ್ಲಿಷಿನಲ್ಲೇ ಮಾತಾಡಲಿ ಎಂಬ ಆಸೆ ಮೊದಲೇ ಇದ್ದವರಿಗೆ ಈ ಸಲಹೆ ಒಳ್ಳೆಯ ನೆಪವಾಗುತ್ತದೆ. ಅಪ್ಪ ಅಮ್ಮಂದಿರ ಭಾಷೆ ಬೇರೆಬೇರೆಯಾಗಿ ಮನೆ ಹಿಂದಿಯಲ್ಲೇ ನಡೆಯುತ್ತಿದ್ದರೆ ಅದು ಬದುಕಿನ ಆಯ್ಕೆ, ಯಾರೂ ತಕರಾರು ತೆಗೆಯಬೇಕಿಲ್ಲ. ಆದರೆ ಆಯ್ಕೆಯನ್ನು ಚಿಕಿತ್ಸೆ ಎಂದು ಕರೆಯಬಾರದು.

ಮಾತು ಕಲಿಸುವುದು ಪದ ಎಣಿಸುವುದಕ್ಕಲ್ಲ, ಯಾರೊಡನಾದರೂ ಮಾತಾಡುವುದಕ್ಕೆ. ಐವತ್ತು ಇಂಗ್ಲಿಷ್ ಪದ ಕಲಿತ ಮಗು ಊರಿನಿಂದ ಫೋನು ಮಾಡಿದ ಅಜ್ಜಿಗೆ ಒಂದನ್ನೂ ಹೇಳಲಾರದೆ ಹೋದರೆ ಚಿಕಿತ್ಸೆ ಅರ್ಧವೇ ಆದಂತೆ. ಆ ಮಗುವಿಗೆ ಮಾತಾಡುವ ಜನ ಮೊದಲೇ ಕಡಿಮೆ. ಇರುವವರನ್ನೂ ಕಡಿಮೆ ಮಾಡುವ ಮುಂಚೆ ಬಲವಾದ ಕಾರಣವಿರಬೇಕು, ಅಂಥ ಕಾರಣ ಇನ್ನೂ ಯಾರೂ ತೋರಿಸಿಲ್ಲ.