ಕತ್ತಲ ರಾತ್ರಿಯ ಎರಡು ಅರ್ಥ

ಬೇರೆ ಬೇರೆ ನಂಬಿಕೆಯ ಜನ ಕೂಡಿ ಬಾಳಬೇಕಾದರೆ ಎಲ್ಲ ಧರ್ಮಗಳ ತಿರುಳು ಒಂದೇ ಎಂಬ ಅರಿವು ಅವರಲ್ಲಿ ಮೊದಲು ಮೂಡಿರಬೇಕು ಎಂಬ ಗೃಹೀತವೊಂದು ಸಹಬಾಳ್ವೆಯನ್ನು ಕುರಿತ ಚರ್ಚೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂ ಆಚರಣೆಯ ಮುಂದೆ ಈ ಗೃಹೀತ ನಿಲ್ಲುವುದಿಲ್ಲ.

ಮೊಹರಂ ಹಿಜರಿ ಪಂಚಾಂಗದ ಮೊದಲ ತಿಂಗಳು. ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರು ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹತರಾದದ್ದು ಆ ತಿಂಗಳ ಹತ್ತನೆಯ ದಿನ. ಶಿಯಾ ಪಂಥದ ಈ ಶೋಕಾಚರಣೆಗೆ ಬಿಜಾಪುರದ ಆದಿಲ್‌ಶಾಹಿ ಅರಸರಲ್ಲಿ ಹಲವರು ಆಶ್ರಯವಿತ್ತರು. ಆದರೆ ಇಂದು ಇಲ್ಲಿನ ಮುಸ್ಲಿಮರಲ್ಲಿ ಹೆಚ್ಚಿನವರು ಸುನ್ನಿಗಳು. ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲೂ ಮೊಹರಂ ನಡೆಯುತ್ತದೆ, ಅಂಥಲ್ಲಿ ಸಕ್ಕರೆ ಓದಿಸಲು, ಎಂದರೆ ನೈವೇದ್ಯದ ಮುಂದೆ ಫಾತಿಹಾ ಪಠಿಸಲು, ನೆರೆಯೂರಿನ ಮುಲ್ಲಾ ಬರುತ್ತಾನೆ.

ಅಮಾವಾಸ್ಯೆ ಕಳೆದು ಚಂದ್ರ ಕಂಡೊಡನೆ ಮಸೂತಿಯ ಮುಂದೆ ಅಲಾಯಿ ಕುಣಿಗೆ, ಅಂದರೆ ಬೆಂಕಿ ಹಾಕುವ ಗುಂಡಿಗೆ, ಗುದ್ದಲಿ ಬೀಳುತ್ತದೆ. ಗುದ್ದಲಿ ಹಾಕುವ ಹಕ್ಕು ಒಂದು ಮನೆತನದ್ದಾದರೆ ಹಲಗೆ ಬಾರಿಸುವುದು ಇನ್ನೊಂದು ಕೇರಿಯ ಪಾಲು, ಪಂಜಾ ಎಂಬ ಲೋಹದ ಹಸ್ತದ ದೇವರನ್ನು ಹಿಡಿಯುವುದು ಮತ್ತೊಬ್ಬರ ಸರದಿ. ಈ ಹಂಚಿಕೆ ಊರಿಂದ ಊರಿಗೆ ಬದಲಾಗುತ್ತದೆ. ಹರಕೆ ಹೊತ್ತವರು ಜಾತಿಯ ಗೊಡವೆಯಿಲ್ಲದೆ ಕೆಂಪು ಲಾಡಿ ಧರಿಸಿ ಫಕೀರರಾಗುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹೇಳುವ ರಿವಾಯತ್ ಪದಗಳಿಗೆ ಹೆಜ್ಜೆ ಹಾಕುವ ಮೇಳಗಳಲ್ಲಿ ಎಲ್ಲ ಕೇರಿಯವರೂ ಇರುತ್ತಾರೆ. ಶಿಶುನಾಳ ಶರೀಫರೂ ಅಂಥ ಪದಗಳನ್ನು ಕಟ್ಟಿದವರೇ.

ಹತ್ತನೆಯ ದಿನದ ಹಿಂದಿನ ಇರುಳಿನ ಹೆಸರನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕೊಲೆ ಎಂಬ ಅರ್ಥದ ಅರಬ್ಬಿ ಶಬ್ದದಿಂದ ಬಂದ ‘ಖತಲ್ ರಾತ್’ ಕನ್ನಡಿಗರ ನಾಲಿಗೆಯಲ್ಲಿ ‘ಕತ್ತಲ ರಾತ್ರಿ’ ಆಗಿದೆ. ಒಬ್ಬನ ಕಿವಿಗೆ ಹತ್ಯೆಯಾಗಿ ಕೇಳುವುದು ಇನ್ನೊಬ್ಬನಿಗೆ ಕತ್ತಲಾಗಿ ಕೇಳುತ್ತದೆ, ಆದರೂ ಇಬ್ಬರೂ ಅದೇ ಕೆಂಡದ ಸುತ್ತ ಬೆಳಗಿನವರೆಗೆ ಎಚ್ಚರವಾಗಿರುತ್ತಾರೆ. ವಿದ್ವಾಂಸರು ಇದನ್ನು ಸಮನ್ವಯ ಎಂದು ಕರೆದದ್ದುಂಟು. ಆ ಮಾತು ಇಲ್ಲಿ ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಸಮನ್ವಯಕ್ಕೆ ಸಿದ್ಧಾಂತಗಳು ಎದುರುಬದುರಾಗಬೇಕು, ಮಗುವಿನ ಜ್ವರಕ್ಕೆ ಸಕ್ಕರೆಯ ಹರಕೆ ಹೊತ್ತ ತಾಯಿ ತೌಹೀದ್ ಎಂಬ ಏಕದೇವ ತತ್ತ್ವವನ್ನು ಒಪ್ಪಿದವಳೂ ಅಲ್ಲ, ಅಲ್ಲಗಳೆದವಳೂ ಅಲ್ಲ. ಅವಳಿಗೆ ಹುಸೇನರು ಮಾತು ನಡೆಸಿಕೊಡುವ ದೇವರು. ಅರ್ಥದಲ್ಲಿ ಒಮ್ಮತವಿಲ್ಲದೆಯೂ ಕೆಲಸದಲ್ಲಿ ಒಮ್ಮತ ಸಾಧ್ಯ ಎಂಬುದನ್ನು ಈ ಹಳ್ಳಿಗಳು ಚರ್ಚೆಯಿಲ್ಲದೆ ಕಂಡುಕೊಂಡಿವೆ.

ಇದನ್ನು ಸಮಾನತೆ ಎಂದು ಭಾವಿಸಿದರೆ ಮಾತ್ರ ತಪ್ಪಾಗುತ್ತದೆ. ಹಲಗೆ ಯಾರ ಕೈಯಲ್ಲಿರಬೇಕು ಎಂಬುದನ್ನು ಜಾತಿಯೇ ಗೊತ್ತುಮಾಡಿದೆ, ಕೊಡುಕೊಳ್ಳುವ ಸಂಬಂಧಗಳು ಮೊದಲಿನಂತೆಯೇ ಬೇರೆಯಾಗಿ ಉಳಿದಿವೆ. ಪಂಜಾದ ಪೂಜೆ ಇಸ್ಲಾಮಿಗೆ ಸಲ್ಲದೆಂದು ಒಂದು ಕಡೆಯ ಶುದ್ಧಿವಾದಿಗಳೂ, ಈ ಹಬ್ಬ ತಮ್ಮದಲ್ಲವೆಂದು ಇನ್ನೊಂದು ಕಡೆಯವರೂ ಹೇಳುತ್ತಾರೆ. ಗ್ರಂಥವೊಂದನ್ನೇ ಮುಂದಿಟ್ಟುಕೊಂಡು ನೋಡಿದರೆ ಇಬ್ಬರ ತರ್ಕದಲ್ಲೂ ಹುರುಳಿದೆ. ಆದರೆ ಮಳೆ, ಮಗು, ಬೆಳೆಗಳ ಚಿಂತೆಯಲ್ಲಿರುವ ಊರು ಗ್ರಂಥದ ಅಪ್ಪಣೆಗಾಗಿ ಕಾಯುವುದಿಲ್ಲ.

ದೇವರು ಹೊಳೆಗೆ ಹೋಗಿಬಂದ ಮೇಲೆ ಪಂಜಾಗಳ ಬಟ್ಟೆ ಬಿಚ್ಚಿ ಪೆಟ್ಟಿಗೆಯಲ್ಲಿಡುತ್ತಾರೆ, ಕುಣಿಗೆ ಮಣ್ಣು ಮುಚ್ಚುತ್ತಾರೆ. ಹಿಜರಿ ವರ್ಷ ಸುಮಾರು 354 ದಿನಗಳದ್ದಾದ್ದರಿಂದ, ಮರುವರ್ಷ ಅಲ್ಲಿ ಗುದ್ದಲಿ ಬೀಳುವುದು ಹತ್ತು ಹನ್ನೊಂದು ದಿನ ಮೊದಲೇ.