ಮೇಲಿನಿಂದ ಬೀಳುವ ಮದ್ದು

ಕಳೆದ ಮಳೆಗಾಲದ ಆರಂಭದಲ್ಲಿ ನೆರೆಮನೆಯವರು ಅಡಿಕೆ ತೋಟಕ್ಕೆ ಮದ್ದು ಬಿಡಲು ಡ್ರೋನ್ ತರಿಸಿದರು. ಅದರ ಸದ್ದು ಕೇಳಿದೊಡನೆ ನನ್ನ ದೊಡ್ಡಮ್ಮ ಕೇಳಿದ ಮೊದಲ ಮಾತು: “ಬಾವಿ ಮುಚ್ಚಿದ್ದೀಯಾ ಮಗಾ?”

ಈ ಪ್ರಶ್ನೆಯ ಹಿಂದೆ ನಮ್ಮ ನಾಡಿನ ನೋವಿದೆ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಬೇಂಕಿನ ಗುಮಾಸ್ತನಾದ ನನಗೆ ಜಮೆಯ ಬದಿ ಗೊತ್ತು. ಆದರೆ ಖರ್ಚಿನ ಬದಿಯಲ್ಲಿ ಯಾರ ಹೆಸರು ಬರೆಯೋಣ?

ಹಾಗೆಂದು ಡ್ರೋನನ್ನು ದೂರುವುದು ನ್ಯಾಯವಲ್ಲ. 2024ರ ಜುಲೈಯಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಮಣ್ಣಿನಡಿ ಸಿಲುಕಿದವರನ್ನು ಹುಡುಕಲು ಡ್ರೋನುಗಳೂ ಹಾರಿದವು. ಜಾರುವ ಅಡಿಕೆ ಮರಕ್ಕೆ ತಳೆ ಕಟ್ಟಿ ಏರಿ, ಮೈಲುತುತ್ತು-ಸುಣ್ಣದ ದ್ರಾವಣ ಬಿಡುವವನ ಜೀವ ಉಳಿಯುವುದಾದರೆ ಯಾರು ಬೇಡವೆಂದಾರು?

ಆದರೆ ಮರ ಏರಿದವನ ಮೈಮೇಲೂ ಅದೇ ಮದ್ದು ಬೀಳುತ್ತಿತ್ತು. ಕೆಳಗಿನ ಬಾವಿ ಯಾರದೆಂದು ಅವನಿಗೆ ಗೊತ್ತಿತ್ತು. ಅಪಾಯದಲ್ಲಿ ಪಾಲಿದ್ದುದೇ ಅವನ ಕೈಗೆ ಒಂದು ಹಿಡಿತ. ದೂರ ನಿಂತು ಯಂತ್ರ ನಡೆಸುವವನಿಗೆ ಅಪಾಯವಿಲ್ಲ. ಹಿಡಿತವನ್ನು ಅವನೇ ಕಲಿತುಕೊಳ್ಳಬೇಕು. 2021ರ ಡ್ರೋನ್ ನಿಯಮಗಳು ನೋಂದಣಿಯನ್ನೂ ಪೈಲಟ್ ಪ್ರಮಾಣಪತ್ರವನ್ನೂ ಕೇಳುತ್ತವೆ. ಕೆಳಗಿರುವವನಲ್ಲಿ ಒಂದು ಮಾತು ಕೇಳುವ ಸೌಜನ್ಯ ಪ್ರಮಾಣಪತ್ರದಿಂದ ಬರುವಂಥದ್ದಲ್ಲ.

ಅಂದು ಹೆಲಿಕಾಪ್ಟರ್ ಕಳುಹಿಸಿದವರು ದೂರದವರು, ದೊಡ್ಡವರು. ಅವರನ್ನು ದೂರುವುದು ನಮಗೆ ಸುಲಭವಾಗಿತ್ತು. ಇಂದು ಯಂತ್ರ ನಮ್ಮ ಕೈಗೇ ಬಂದಿದೆ. ನಾಳೆ ನನ್ನ ತೋಟಕ್ಕೂ ಅದನ್ನು ನಾನೇ ಕರೆಸಬಹುದು. ನಮಗಾದ ಅನ್ಯಾಯ ನಮ್ಮನ್ನು ತಾನಾಗಿ ನ್ಯಾಯವಂತರನ್ನಾಗಿ ಮಾಡುವುದಿಲ್ಲ ಎಂಬ ಅಳುಕು ನನಗಿದೆ.

ಆ ದಿನ ನಾನು ಬಾವಿಗೆ ತಾಡಪಾಲು ಮುಚ್ಚಿ ಬಂದೆ. “ಸುರಂಗದ ನೀರಿಗೆ ಏನು ಮುಚ್ಚುತ್ತೀ?” ಎಂದರು ದೊಡ್ಡಮ್ಮ. ಗುಡ್ಡದ ಒಡಲಿನಿಂದ ಹರಿದು ನಮ್ಮ ಕೆರೆಗೆ ಬೀಳುವ ನೀರಿಗೆ ಮುಚ್ಚಳವಿಲ್ಲ. ಬೇಲಿಯ ಬಳಿ ಹೋಗಿ ನೆರೆಯವರಲ್ಲಿ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಂತ್ರದವನನ್ನು ಕರೆದು, ನಮ್ಮ ಬದಿಯ ಎರಡು ಸಾಲು ಮರಗಳನ್ನು ಬಿಟ್ಟುಬಿಡಲು ಹೇಳಿದರು.