ಗಾಯವಿಲ್ಲದ ನೋವಿಗೆ ಸಾಕ್ಷಿ ಯಾರು?

ನೋವನ್ನು ಹೇಳಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ತಲೆ ಸಿಡಿಯುತ್ತದೆ, ಕಾಲು ಸೆಳೆಯುತ್ತದೆ, ಹೊಟ್ಟೆ ನುಲಿಯುತ್ತದೆ, ಕಣ್ಣು ಉರಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಹಲ್ಲು ಜುಂ ಎನ್ನುತ್ತದೆ, ಸುಟ್ಟ ಬೆರಳು ಚುರುಚುರು ಎನ್ನುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಮಾತು ಕೆಡುತ್ತದೆ. ಇಷ್ಟು ಬಗೆಯ ಪದಗಳು ಹುಟ್ಟಬೇಕಾದರೆ ನೋವನ್ನು ಹೇಳಿಕೊಂಡವರ ಜೊತೆಗೆ ಅದನ್ನು ಕಿವಿಗೊಟ್ಟು ಕೇಳಿದವರೂ ಇದ್ದಿರಬೇಕು. ಈಗ ಆಸ್ಪತ್ರೆಗೆ ಹೋದರೆ ಕೇಳುವುದು, ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವು ಎಷ್ಟು ಎಂದು. ಮನೆಯಲ್ಲಿ ಕೇಳುವುದು, 'ಎಲ್ಲಿ, ತೋರಿಸು ನೋಡೋಣ' ಎಂದು.

ಈ 'ತೋರಿಸು' ಎಂಬ ಮಾತಿನ ಬಗ್ಗೆ ನಾನು ಯೋಚಿಸುತ್ತಿದ್ದೇನೆ. ತೋರಿಸಲು ಏನೂ ಇಲ್ಲದ ನೋವನ್ನು ಇನ್ನೊಬ್ಬರು ಯಾಕಾಗಿ ನಂಬಬೇಕು?

ಹೆರಿಗೆಯ ನೋವಿಗೆ ನಾವು ಬೇನೆ ಎನ್ನುತ್ತೇವೆ. ಅದು 'ವೇದನೆ'ಯ ತದ್ಭವ. ವೇದನೆಯ ಬೇರಿನಲ್ಲಿರುವುದು 'ವಿದ್' ಎಂಬ ಧಾತು. ಅಂದರೆ ತಿಳಿ, ಅರಿ. ಹಾಗೆ ನೋಡಿದರೆ ನೋವು ಎಂಬುದು ಒಂದು ಬಗೆಯ ತಿಳಿವಳಿಕೆ. ಆದರೆ ಅದನ್ನು ಬಲ್ಲವರು ಲೋಕದಲ್ಲಿ ಒಬ್ಬರೇ. ಉಳಿದವರೆಲ್ಲ ಆ ಒಬ್ಬರ ಮಾತನ್ನು ನಂಬಬೇಕು, ಇಲ್ಲವೇ ಬಿಡಬೇಕು.

ವೈದ್ಯಶಾಸ್ತ್ರ ಇಂದು ದೇಹದ ನೋವನ್ನು ಮುಖ್ಯವಾಗಿ ಮೂರು ಬಗೆಯಾಗಿ ನೋಡುತ್ತದೆ. ಮೊದಲನೆಯದು ಗಾಯದ ನೋವು. ಚರ್ಮ ಸುಟ್ಟಿದೆ, ಮೂಳೆ ಮುರಿದಿದೆ, ಕೀಲು ಸವೆದಿದೆ. ಅಲ್ಲಿರುವ ನರಗಳು ಸುದ್ದಿ ಮುಟ್ಟಿಸುತ್ತವೆ. ಇದು ಕಾವಲುಗಾರನ ಕೆಲಸ. ಈ ಕಾವಲು ತಪ್ಪಿದರೆ ಏನಾಗುತ್ತದೆಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯರಾಗಿದ್ದ ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ಕುಷ್ಠರೋಗಿಗಳ ಬೆರಳುಗಳನ್ನು ರೋಗವೇ ತಿಂದುಹಾಕುತ್ತದೆ ಎಂದು ಜನ ತಿಳಿದಿದ್ದರು. ಸ್ಪರ್ಶ ಸತ್ತುಹೋದ ಕೈಗೆ ಬಿಸಿ ಪಾತ್ರೆಯೂ ಮುಳ್ಳೂ ತಿಳಿಯದೆ, ಗಾಯದ ಮೇಲೆ ಗಾಯವಾಗಿ ಬೆರಳುಗಳು ಹಾಳಾಗುತ್ತವೆ ಎಂಬುದನ್ನು ಅವರು ಕಂಡುಕೊಂಡರು.

ಎರಡನೆಯದು ನರದ ನೋವು. ಇಲ್ಲಿ ಕೆಟ್ಟಿರುವುದು ಸುದ್ದಿ ಒಯ್ಯುವ ನರವೇ. ಸಕ್ಕರೆ ಕಾಯಿಲೆಯವರ ಪಾದ ಉರಿಯುವುದು, ಸರ್ಪಸುತ್ತು ಮಾಯ್ದ ಮೇಲೂ ಪಕ್ಕೆ ಸುಡುವುದು, ಕತ್ತರಿಸಿ ತೆಗೆದ ಕಾಲಿನ ಹೆಬ್ಬೆರಳು ನೋಯುವುದು ಈ ಬಗೆಯವು.

ಮೂರನೆಯದಕ್ಕೆ ಹೆಸರು ಸಿಕ್ಕಿದ್ದೇ ತೀರ ಈಚೆಗೆ. ಗಾಯವೂ ಕಾಣದು, ನರ ಕೆಟ್ಟದ್ದಕ್ಕೆ ಗುರುತೂ ಸಿಗದು. ಆದರೆ ನೋವನ್ನು ಗ್ರಹಿಸುವ ವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿರುತ್ತದೆ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯ ಇದಕ್ಕೆ ಉದಾಹರಣೆ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು 2017ರಲ್ಲಿ ಇದನ್ನು ನೋಸಿಪ್ಲಾಸ್ಟಿಕ್ ನೋವು ಎಂದು ಕರೆಯಿತು.

ನಾವು ನಂಬುವ ಬಗೆಯೂ ಈ ಪಟ್ಟಿಯ ಕ್ರಮದಲ್ಲೇ ಇಳಿಯುತ್ತಾ ಹೋಗುತ್ತದೆ. ಬ್ಯಾಂಡೇಜು ಕಂಡರೆ ಬಸ್ಸಿನಲ್ಲಿ ಸೀಟು ಬಿಡುತ್ತೇವೆ. ಪಾದ ಉರಿಯುತ್ತದೆ ಎಂದರೆ ಅರ್ಧ ನಂಬುತ್ತೇವೆ. ವರದಿಗಳೆಲ್ಲ ನಾರ್ಮಲ್ ಎಂದು ಬಂದ ಹೆಂಗಸು ಮೈಕೈ ನೋವು ಎಂದರೆ, 'ಅದೆಲ್ಲ ಮನಸ್ಸಿಂದು' ಎಂದು ಮುಗಿಸುತ್ತೇವೆ.

ನಮ್ಮ ದೊಡ್ಡಮ್ಮನಿಗೆ ಸರ್ಪಸುತ್ತು ಆಗಿತ್ತು. ಹುಣ್ಣು ಎದ್ದಿದ್ದಾಗ ಉಪಚಾರಕ್ಕೆ ಕೊರತೆ ಇರಲಿಲ್ಲ. ಸರ್ಪದ ತಲೆ ಬಾಲ ಕೂಡಬಾರದೆಂದು ಕೆಮ್ಮಣ್ಣು ಬಳಿದರು, ಎಳನೀರು ತಂದುಕೊಟ್ಟರು, ನೆಂಟರು ಬಂದು ಹೋದರು. ಹುಣ್ಣು ಒಣಗಿ ಹಕ್ಕಳೆ ಉದುರಿತು. ಆಮೇಲೆ ಸೆರಗು ತಾಗಿದರೂ ಬೆಂಕಿ ಇಟ್ಟ ಹಾಗಾಗುತ್ತದೆ ಎಂದು ಆಕೆ ಹೇಳತೊಡಗಿದಾಗ ಮನೆಯವರ ಉತ್ತರ, 'ಹುಣ್ಣು ಮಾಯ್ದು ಎರಡು ತಿಂಗಳಾಯ್ತಲ್ಲ.' ಆಕೆ ಹೇಳುವುದನ್ನು ನಿಲ್ಲಿಸಿದರು. ನೋವು ಹೋಯಿತೆಂದೇ ಎಲ್ಲರೂ ತಿಳಿದರು. ಬಿಪಿ ತೋರಿಸಲು ಹೋದಾಗ ವೈದ್ಯೆಯೊಬ್ಬರು ಪಕ್ಕೆಯ ಕಲೆ ನೋಡಿ, 'ಅಜ್ಜಿ, ಇಲ್ಲಿ ಉರಿಯುತ್ತಾ, ಚುಚ್ಚುತ್ತಾ, ಕರೆಂಟ್ ಹೊಡೆದ ಹಾಗಾಗುತ್ತಾ?' ಎಂದು ಕೇಳಿದರಂತೆ. ಕೊಟ್ಟದ್ದು ಮಾಮೂಲಿ ನೋವಿನ ಮಾತ್ರೆಯಲ್ಲ, ನರದ ತಳಮಳ ತಗ್ಗಿಸುವ ಔಷಧಿ. ನೋವು ಪೂರ್ತಿ ಹೋಗಲಿಲ್ಲ. ರಾತ್ರಿ ನಿದ್ದೆ ಬರತೊಡಗಿತು. ಆದರೆ ಮನೆಗೆ ಬಂದ ದೊಡ್ಡಮ್ಮ ಎಲ್ಲರಿಗೂ ಹೇಳಿದ್ದು ಔಷಧಿಯ ಸುದ್ದಿಯನ್ನಲ್ಲ, ಆ ಪ್ರಶ್ನೆಯನ್ನು.

ಹೇಳಿಯೂ ನಂಬಿಸಲಾಗದವರ ಪಾಡು ಇದು. ಹೇಳಲೇ ಬಾರದವರ ಪಾಡು ಇನ್ನೂ ಕಠಿಣ. 1980ರ ದಶಕದವರೆಗೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆ ಇಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅವುಗಳ ನರಮಂಡಲ ಬಲಿತಿಲ್ಲ, ಆದ್ದರಿಂದ ನೋವು ತಿಳಿಯದು ಎಂಬ ನಂಬಿಕೆ ಒಂದು. ಅರಿವಳಿಕೆಯನ್ನು ಅಷ್ಟು ಎಳೆಯ ದೇಹ ತಾಳದೆಂಬ ಭಯ ಇನ್ನೊಂದು. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ರೂಢಿಯನ್ನು ಅಲುಗಾಡಿಸಿತು. ನೋವು ತಡೆಯುವ ಔಷಧಿ ಪಡೆದ ಶಿಶುಗಳ ದೇಹ ಆಘಾತವನ್ನು ಕಡಿಮೆ ತೋರಿಸಿತು, ಅವು ಚೇತರಿಸಿಕೊಂಡದ್ದೂ ಚೆನ್ನಾಗಿ. ಮಕ್ಕಳು ಅಲ್ಲಿಯವರೆಗೆ ಅಳದೆ ಇದ್ದವೆಂದಲ್ಲ. ಅಳುವನ್ನು ಸಾಕ್ಷಿಯೆಂದು ಒಪ್ಪಿರಲಿಲ್ಲ, ಅಷ್ಟೆ.

ಹಾಗಾದರೆ ಯಾರು ನೋವು ಎಂದರೂ ನಂಬಿಬಿಡಬೇಕೇ? ರಜೆಗಾಗಿ ಹೊಟ್ಟೆನೋವು ಬರಿಸಿಕೊಳ್ಳುವವರು ಇಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ 1990ರ ದಶಕದಿಂದ ನೋವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂಬ ಕಾಳಜಿಗೆ ಔಷಧ ವ್ಯಾಪಾರದ ಒತ್ತಡವೂ ಸೇರಿ, ಅಫೀಮಿನ ವರ್ಗದ ಮಾತ್ರೆಗಳನ್ನು ಕೈಬಿಚ್ಚಿ ಬರೆದುಕೊಟ್ಟದ್ದು ದೊಡ್ಡ ದುರಂತಕ್ಕೆ ದಾರಿಯಾಯಿತು. ಆದರೆ ಅಲ್ಲಿ ಕೆಟ್ಟದ್ದು ನಂಬಿಕೆಯಿಂದಲ್ಲ ಎಂದು ನನಗನಿಸುತ್ತದೆ. ನೋವಿದೆ ಎಂದ ಕೂಡಲೇ ಮಾತ್ರೆ ಬರೆದು ಕಳಿಸುವುದು ಕೂಡ ಕೇಳಿಸಿಕೊಳ್ಳದೆ ಇರುವ ಒಂದು ವಿಧಾನವೇ. ನಂಬುವುದೆಂದರೆ ಕೇಳಿದ್ದನ್ನೆಲ್ಲ ಕೊಡುವುದಲ್ಲ. ಈ ನೋವು ಯಾವ ಬಗೆಯದು, ಎಲ್ಲಿಂದ ಬಂತು ಎಂದು ವಿಚಾರಿಸುವ ಹೊಣೆ ಹೊರುವುದು. ಸುಳ್ಳು ಹೇಳಿದವನನ್ನು ನಂಬಿದರೆ ಒಂದು ದಿನದ ರಜೆ ಹೋಗಬಹುದು. ನಿಜ ಹೇಳಿದವಳನ್ನು ನಂಬದಿದ್ದರೆ ಆಕೆ ನೋವಿನ ಜೊತೆಗೆ ಒಂಟಿತನವನ್ನೂ ಹೊರಬೇಕು. ಎರಡು ತಪ್ಪುಗಳ ತೂಕ ಒಂದೇ ಅಲ್ಲ.

ಬಗೆ ತಿಳಿಯಲು ಮಾತು ಬೇಕು. ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ಮೆಕ್‌ಗಿಲ್ ಪ್ರಶ್ನಾವಳಿಯನ್ನು ಪ್ರಕಟಿಸಿದಾಗ ಅದರಲ್ಲಿದ್ದದ್ದು ನೋವನ್ನು ಬಣ್ಣಿಸುವ 78 ಪದಗಳು, 20 ಗುಂಪುಗಳಲ್ಲಿ. ನಮ್ಮ ಅಜ್ಜಿಯಂದಿರ ಬಾಯಲ್ಲಿರುವ ಉರಿ, ಸೆಳೆತ, ನುಲಿತ, ಸಿಡಿತಗಳೂ ಅಂಥ ಕೆಲಸಕ್ಕೆ ಒದಗುವ ಪದಗಳೇ. ಉರಿ ಎಂದರೆ ನರವನ್ನು ಅನುಮಾನಿಸಬೇಕಾಗಬಹುದು; ನುಲಿತ ಎಂದರೆ ಕರುಳನ್ನು. ಅಂಕಿಯೊಂದೇ ಆದರೆ ಈ ವ್ಯತ್ಯಾಸ ಸಿಗುವುದಿಲ್ಲ.

ನಾನು ಮೇಲೆ ಹೇಳಿದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಎರಡು ಮಾತುಗಳನ್ನು ಸ್ಪಷ್ಟಪಡಿಸಿತು. ತನಗೆ ನೋವಿದೆ ಎಂದು ವ್ಯಕ್ತಿಯೊಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು. ಹೇಳಲಾಗದವರಿಗೆ, ಪ್ರಾಣಿಗಳಿಗೂ ಸೇರಿ, ನೋವಿಲ್ಲವೆಂದು ತೀರ್ಮಾನಿಸುವಂತಿಲ್ಲ. ವಿಜ್ಞಾನದ ವ್ಯಾಖ್ಯೆಯೊಂದರ ಟಿಪ್ಪಣಿಯಲ್ಲಿ 'ಗೌರವ' ಎಂಬ ನೀತಿಯ ಪದ ಬಂದಿರುವುದು ಆಕಸ್ಮಿಕವಲ್ಲ. ಅಳತೆಗೋಲು ಮುಟ್ಟದ ಕಡೆ ಉಳಿಯುವುದು ಅದೊಂದೇ. ಮನೆಯಲ್ಲಿ ಯಾರಾದರೂ ನೋವು ಎಂದಾಗ 'ತೋರಿಸು' ಎನ್ನುವ ಬದಲು 'ಹೇಗೆ ನೋಯ್ತಿದೆ?' ಎಂದು ಕೇಳಲು ವೈದ್ಯರೇ ಆಗಬೇಕಿಲ್ಲ. ಕೇಳಿ, ಉತ್ತರ ಮುಗಿಯುವವರೆಗೆ ಕೂತಿರಬೇಕು.